ಅಕ್ಕನ ಎಲುಬು, ನನ್ನ ಅಂಜಿಕೆ

ಮುಂಬಯಿಯ ಬಾಂದ್ರಾದ ಒಂದು ಹಳೆಯ ಬಿಲ್ಡಿಂಗಿನಲ್ಲಿ ನಾನು ಲಿಫ್ಟ್‌ಮ್ಯಾನ್. ಸ್ಟೂಲಿನ ಮೇಲೆ ಕುಳಿತು ಗುಂಡಿ ಒತ್ತುತ್ತಾ ದಿನವಿಡೀ ಬೇರೆಯವರ ಮೊಣಕಾಲು ಕಾಯುವುದೇ ನನ್ನ ಕೆಲಸ. ಮೂರನೇ ಮಹಡಿಯ ಸಾಹೇಬರು ಬೆಳಿಗ್ಗೆ ಲಿಫ್ಟಿನಲ್ಲಿ ಇಳಿದು ಬಂದು, ಬೂಟಿನ ದಾರ ಬಿಗಿದು, ಕಂಪೌಂಡಿನಲ್ಲಿ ಬೆವರು ಬರುವವರೆಗೆ ಸುತ್ತು ಹಾಕಿ, ಮತ್ತೆ ಲಿಫ್ಟಿನಲ್ಲೇ ಮೇಲೆ ಹೋಗುತ್ತಾರೆ. ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಅವರು ಮೆಟ್ಟಿಲು ತಪ್ಪಿಸಿದ್ದು ತಮಗೆ ಮಾತ್ರ. ನಾನು ನನ್ನ ಅಕ್ಕನಿಗೆ ತಪ್ಪಿಸಿದೆ.

ಎಲುಬಿನ ಬಗ್ಗೆ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಪುಸ್ತಕದಲ್ಲಿದ್ದ ಅಸ್ಥಿಪಂಜರಕ್ಕೆ ಪೆನ್ಸಿಲಿನಿಂದ ಮೀಸೆ ಬರೆದು ಮಾಸ್ತರರ ಕೈಯಲ್ಲಿ ಏಟು ತಿಂದದ್ದು ಬಿಟ್ಟರೆ ಆ ವಿಷಯದಲ್ಲಿ ನನ್ನ ಓದು ಮುಂದುವರಿಯಲಿಲ್ಲ. ಎಲುಬೆಂದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಸಳಿಯ ಹಾಗೆ, ದೇವರು ಒಮ್ಮೆ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದಕ್ಕೂ ಜೀವವಿದೆ, ದಿನವೂ ಒಂದಿಷ್ಟು ಸವೆಯುತ್ತದೆ, ಒಂದಿಷ್ಟು ಕಟ್ಟಿಕೊಳ್ಳುತ್ತದೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಿಗೆ, ಸವೆಯುವುದು ಹೆಚ್ಚಾಗಿ ಕಟ್ಟುವುದು ಕಡಿಮೆಯಾಗುತ್ತದೆ. ಇದನ್ನು ನನಗೆ ತಿಳಿಸಿ ಹೇಳಿದವರು ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ. ಅಲ್ಲಿಗೆ ನಾವು ಹೋಗುವಂತಾದದ್ದು ನನ್ನ ಊಟದ ಡಬ್ಬಿಯಿಂದ.

ನಾವು ಬಾಗಲಕೋಟೆ ಕಡೆಯವರು. ಜೋಗೇಶ್ವರಿಯ ಚಾಳಿನಲ್ಲಿ, ಎರಡನೇ ಮಾಳಿಗೆಯಲ್ಲಿ ನಾನು, ನನ್ನ ಹೆಂಡತಿ ಮಹಾದೇವಿ ಮತ್ತು ಅಕ್ಕ ಇರುತ್ತೇವೆ. ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಂದು ಕಾಲಕ್ಕೆ ಅವಳು ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಬಿದಿರಿನ ಏಣಿ ಹತ್ತುತ್ತಿದ್ದಳು, ನನ್ನನ್ನು ಸಾಕಿದ್ದೂ ಅದರಿಂದಲೇ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಡಬ್ಬಿ ಮರೆತು ಇಳಿದೆ. ಕೆಳಗಿನಿಂದಲೇ ಕೂಗಿದೆ. ಲೋಕಲ್ ರೈಲು ತಪ್ಪುತ್ತದೆ, ಬೇಗ ಬಾ ಎಂದೂ ಕೂಗಿದೆ. ಅಕ್ಕ ಡಬ್ಬಿ ಹಿಡಿದು ಓಡಿ ಬಂದಳು, ಒದ್ದೆ ಮೆಟ್ಟಿಲಲ್ಲಿ ಜಾರಿದಳು, ಮಣಿಕಟ್ಟು ಮುರಿಯಿತು. ಇಷ್ಟು ಸಣ್ಣ ಪೆಟ್ಟಿಗೆ ಎಲುಬು ಮುರಿಯಬಾರದಿತ್ತು ಎಂದು ಡಾಕ್ಟರಮ್ಮ ಅವಳನ್ನು ಮಷೀನಿನ ಕೆಳಗೆ ಮಲಗಿಸಿ ಪರೀಕ್ಷೆ ಮಾಡಿಸಿದರು. ಎಲುಬುಗಳು ಒಳಗೊಳಗೇ ಟೊಳ್ಳಾಗುತ್ತಾ ಬಂದಿದ್ದವು.

ಗುಳಿಗೆ ಬರೆದುಕೊಟ್ಟ ಡಾಕ್ಟರಮ್ಮ, ಬರೀ ಗುಳಿಗೆ ಸಾಲದು ಎಂದರು. ಹಾಲು, ಮೊಸರು, ಎಳ್ಳು, ರಾಗಿ, ಸೊಪ್ಪು, ಬೇಳೆಕಾಳು ತಿನ್ನಬೇಕು. ಬಿಸಿಲಿಗೆ ಮೈ ಒಡ್ಡಬೇಕು. ತಂಬಾಕು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಶೇರಿ ಬಿಡಬೇಕು. ಕೈಯ ಎಲುಬು ಕೂಡಿದ ಮೇಲೆ ದಿನವೂ ನಡೆಯಬೇಕು, ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯಬೇಕು, ಸ್ವಲ್ಪ ಸ್ವಲ್ಪ ಭಾರವನ್ನೂ ಎತ್ತಬೇಕು. ಮೈಯ ಭಾರ ಬಿದ್ದರೇನೇ ಎಲುಬಿಗೆ ತಾನು ಗಟ್ಟಿಯಾಗಬೇಕೆಂದು ತಿಳಿಯುವುದು ಎಂದರು.

ಇದರಲ್ಲಿ ನಾನು ತಿನ್ನುವ ಭಾಗವನ್ನು ಮಾತ್ರ ಮನೆಗೆ ತಂದೆ. ಅದು ಚೀಲದಲ್ಲಿ ತರಬಹುದಾದದ್ದು. ಬಿಲ್ಡಿಂಗಿನ ಐದನೇ ಮಹಡಿಯಲ್ಲಿರುವ ಮೈಸೂರಿನ ಅಮ್ಮನವರು ವಿಷಯ ಕೇಳಿ, ರಾಗಿಹಿಟ್ಟು ಕೊಟ್ಟು ಮುದ್ದೆ ಕಟ್ಟುವ ಬಗೆಯನ್ನು ಲಿಫ್ಟಿನಲ್ಲೇ ಹೇಳಿಕೊಟ್ಟರು. ಅವರು ಇಳಿಯುವ ಮಹಡಿ ಬಂದಿತ್ತು, ಹಾಗಾಗಿ ಪಾಠದ ಕೊನೆಯ ಭಾಗ ನನಗೆ ಸಿಕ್ಕಲಿಲ್ಲ. ನಾನು ಕಟ್ಟಿದ ಮುದ್ದೆ ಅಕ್ಕನ ಬೆರಳು ಬಿಡಲಿಲ್ಲ. ಅದನ್ನು ಅಗಿಯಬಾರದು, ನುಂಗಬೇಕು ಎಂದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವಳು ನನ್ನ ಮುಖ ನೋಡಿದಳು.

"ಅಗಿಯೂದ ಬ್ಯಾಡಂದ್ರ ದೇವರು ಹಲ್ಲ ಯಾಕ ಕೊಟ್ಟಾನೋ?"

ಕಡೆಗೆ ಅವಳೇ ದಾರಿ ಕಂಡುಕೊಂಡಳು. ರಾಗಿಯನ್ನು ಅಂಬಲಿ ಮಾಡಿ ಮಜ್ಜಿಗೆ ಹಾಕಿ ಕುಡಿದಳು, ರೊಟ್ಟಿಗೆ ಎಳ್ಳು ಹಚ್ಚಿದಳು, ಮೆಂತ್ಯ ಸೊಪ್ಪು ಹಸಿಯಾಗಿಯೇ ತಿಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೂ ನಾನು ಅವಳನ್ನು ಮೆಟ್ಟಿಲ ಹತ್ತಿರ ಸುಳಿಯಗೊಡಲಿಲ್ಲ. ನೀರಿನ ಕೊಡ ಮುಟ್ಟಿದರೆ ಕಸಿದುಕೊಂಡೆ. ನಾನು ಕೆಲಸಕ್ಕೆ ಹೋದಾಗ ಕಾಯಲು ಪಕ್ಕದ ಖೋಲಿಯವರಿಗೆ ಹೇಳಿದೆ. ಖಾಟಿನ ಮೇಲೆ ಹೊಸ ಗಾದಿ ಹಾಸಿದೆ. ಅವಳು ಬಾಗಿಲಾಚೆಯ ಗ್ಯಾಲರಿಯ ಬಿಸಿಲನ್ನು ನೋಡುತ್ತಾ ಒಳಗೆ ಕೂತಿರುತ್ತಿದ್ದಳು. ಇಷ್ಟು ದಿನ ಅವಳು ದುಡಿದಳು, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಲಿಫ್ಟ್ ಹತ್ತಿದವರಿಗೆಲ್ಲ ಹೇಳಿಕೊಂಡೆ. ಕೇಳಿದವರು ಎಂಥ ತಮ್ಮ ಎಂದರು. ಆ ಮಾತು ನನಗೆ ಬೇಕಾಗಿತ್ತು ಅಂತ ಈಗ ಅನಿಸುತ್ತದೆ.

ಮಹಾದೇವಿ ಮಾತ್ರ ಅನ್ನಲಿಲ್ಲ. ಅವಳು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು, ನಾಲಿಗೆ ಚುರುಕು. "ಅಕ್ಕಾರನ್ನ ಗಣಪತಿ ಕೂಡ್ಸಿದಂಗ ಕೂಡ್ಸೀರಿ. ಕೂಡ್ಸಿದ ಮ್ಯಾಲ ಮುಂದ ಏನ ಮಾಡ್ತಾರ ಗೊತ್ತೈತೆಲ್ಲ?" ಎಂದಳು. ಮುಂಬಯಿಯಲ್ಲಿ ಇದ್ದವನಿಗೆ ಅದು ಗೊತ್ತಿರದೆ ಹೇಗೆ? ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ. ಅವಳಿಗೆ ಅದರಿಂದ ಏನೂ ತೊಂದರೆ ಆದಂತೆ ಕಾಣಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅಕ್ಕನನ್ನು ಕುರ್ಚಿಯಿಂದ ಎದ್ದು ನಿಲ್ಲಲು ಹೇಳಿದರು. ಏಣಿ ಹತ್ತಿದ ಆ ಕಾಲುಗಳಿಗೆ ಕೈ ಊರದೆ ಏಳಲಾಗಲಿಲ್ಲ. ದಿನಾ ನಡೆಯುತ್ತಾರಾ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು, ನಡೆಯುತ್ತಾಳೆ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಎಂದೆ. ಯಾಕೆ ಹೇಳಿದೆನೋ. ಗುಂಡಿ ಒತ್ತಿದಷ್ಟು ಸಲೀಸಾಗಿ ಸುಳ್ಳು ಬಂತು.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. ದಿನಾ ನಡೆದೂ ಕಾಲು ಹೀಗೆ ಸೋತಿದೆ ಎಂದರೆ ಬೇರೆ ಏನೋ ಕಾಯಿಲೆ ಇರಬೇಕು ಎಂದು ಮತ್ತಷ್ಟು ಪರೀಕ್ಷೆ ಬರೆಯತೊಡಗಿದರು. ನಾನು ಆ ಚೀಟಿಗೂ ಕೈ ಚಾಚಿದೆ. ಅಕ್ಕ ನನ್ನ ಕಡೆ ನೋಡದೆ, ಕಟ್ಟಡದ ಕೆಲಸದಲ್ಲಿ ಕಲಿತ ತನ್ನ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ಮೇಡಂ, ಅಬ್ ಸೇ ಚಲೇಗಿ."

ಇನ್ನು ಮೇಲೆ ನಡೆಯುತ್ತೇನೆ ಎಂದಳೇ ಹೊರತು ತಮ್ಮ ಸುಳ್ಳು ಹೇಳಿದ ಎನ್ನಲಿಲ್ಲ. ಡಾಕ್ಟರಮ್ಮನಿಗೆ ಅರ್ಥವಾಯಿತು. ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೀಳುತ್ತಾರೆ ಎಂದು ಕೂರಿಸಿದರೆ, ಕೂತು ಕೂತು ಶಕ್ತಿ ಹೋಗಿಯೇ ಬೀಳುತ್ತಾರೆ, ಇನ್ನೊಮ್ಮೆ ಬಿದ್ದರೆ ಮಣಿಕಟ್ಟಲ್ಲ, ಸೊಂಟ ಮುರಿಯಬಹುದು ಎಂದಷ್ಟೇ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತೆವು. ನಾನು ಡಬ್ಬಿ ಮರೆತಿರದಿದ್ದರೆ ಎಂದು ಶುರು ಮಾಡಿದೆ. ಅಕ್ಕ ತಡೆದಳು.

"ಮೆಟ್ಟಿಲ ಹಸಿ ಇತ್ತು, ಬಿದ್ನಿ. ಎಲ್ಲಾನೂ ನಿಂದ ಮಾಡ್ಕೋಬ್ಯಾಡ ತಮ್ಮಾ. ನಾ ಮಶೇರಿ ಬಿಡ್ತೀನಿ, ನೀ ನನ್ನ ಕಾಯೂದ ಬಿಡು. ಯಾರ ಮೊದಲ ಸೋಲ್ತಾರ ನೋಡೂಣು."

ಬಹುಶಃ ನಾನೇ ಸೋಲುತ್ತೇನೆ. ಮಶೇರಿ ಬಿಟ್ಟವರಿಗೆ ತಲೆ ಸಿಡಿಯುತ್ತದೆ, ಕೈ ಚಡಪಡಿಸುತ್ತದೆ ಎಂದು ಕೇಳಿದ್ದೆ. ಅದೆಲ್ಲ ನನಗೂ ಆಗುತ್ತಿದೆ. ಅಪರಾಧಿ ಭಾವವೂ ಒಂದು ಚಟವೇ. ಬಿಡಬೇಕೆಂದು ಹೊರಟಾಗಲೇ ಅದು ಎಷ್ಟು ಹತ್ತಿಕೊಂಡಿದೆ ಎಂದು ಗೊತ್ತಾಗುವುದು. ಒಂದು ವಾರ ಗ್ಯಾಲರಿಯಲ್ಲೇ ಮಹಾದೇವಿಯ ಕೈ ಹಿಡಿದು ನಡೆದು ಅಭ್ಯಾಸ ಮಾಡಿದ ಅಕ್ಕ, ಈ ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಕೊತ್ತಂಬರಿ ತರುತ್ತೇನೆ ಎಂದು ಒಬ್ಬಳೇ ಹೊರಟಳು. ಮೆಟ್ಟಿಲು ಒಣಗಿದೆ ಎಂದು ನಾನು ಮೊದಲೇ ನೋಡಿ ಬಂದಿದ್ದೆ. ಅಷ್ಟು ಮಾತ್ರ ನನಗೆ ಬಿಡಲಾಗಲಿಲ್ಲ. ಹಿಂದೆ ಹೋಗಕೂಡದು ಎಂದು ಮಹಾದೇವಿ ಬಾಗಿಲಿಗೆ ಅಡ್ಡ ನಿಂತು ಸೊಪ್ಪು ಸೋಸುತ್ತಿದ್ದಳು.

ಕೂತಲ್ಲಿಂದ ಅಕ್ಕನ ಚಪ್ಪಲಿಯ ಸದ್ದು ಕೇಳುತ್ತಿದ್ದೆ. ಒಂದೊಂದೇ ಮೆಟ್ಟಿಲು, ಬದಿಯ ಕಠಡಾದ ಕಂಬಿ ಹಿಡಿದು. ನಡುವೆ ಸದ್ದು ನಿಂತಿತು. ಎದ್ದೆ. ಮಹಾದೇವಿ ನೋಡಿದಳು. ಕೂತೆ. ಮತ್ತೆ ಸದ್ದು ಶುರುವಾಯಿತು, ಸಣ್ಣದಾಗುತ್ತಾ ಹೋಯಿತು, ಆಮೇಲೆ ಏನೂ ಇಲ್ಲ. ಆಗ ಕೆಳಗಿನಿಂದ, ಇಡೀ ಚಾಳಿಗೇ ಕೇಳುವಂತೆ, ಅವಳ ದನಿ ಬಂತು:

"ಉಸಿರ ಬಿಡೋ, ಕೆಳಗ ಮುಟ್ಟೀನಿ."