ಸದ್ದು ಮಾಡದ ಮೌಸ್

ಗುಬ್ಬಿಯ ಷಡಕ್ಷರಿಯ ಕಿವಿಯ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಒಣಗಲೆಂದು ಅಟ್ಟದಲ್ಲಿಟ್ಟ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಗಡಗಡ ಉರುಳಿದರೆ ಸೈ, ಸದ್ದಿಲ್ಲದಿದ್ದರೆ ಎಷ್ಟೇ ದಪ್ಪಗಿರಲಿ, ಮತ್ತೆ ಅಟ್ಟಕ್ಕೆ. ಕೊಬ್ಬರಿ ಮಂಡಿಯವರೂ ಅವನ ಮಾತಿಗೆ ಎದುರಾಡುತ್ತಿರಲಿಲ್ಲ.

ಆ ಕಿವಿಯನ್ನೇ ನಂಬಿಕೊಂಡು ಮಗಳು ಭೂಮಿಕಾಗೆ ಮೌಸ್ ಆರಿಸಿದನಲ್ಲ, ಎಡವಟ್ಟಾಗಿದ್ದು ಅಲ್ಲೇ.

ತುಮಕೂರಿನ ಗೇಮಿಂಗ್ ಸೆಂಟರಿನಲ್ಲಿ ಅಂದು ಕುಣಿಗಲ್ ಹುಡುಗರ ವಿರುದ್ಧ ಫೈನಲ್, ಬಂದೂಕಿನ ಆಟ. ಭೂಮಿಕಾಳ ಹಳೆ ಮೌಸ್‌ಗೆ ಒಂದು ಕೆಟ್ಟ ಚಾಳಿ: ಒಮ್ಮೆ ಒತ್ತಿದರೆ ಎರಡು ಗುಂಡು ಹಾರಿ, ಗುರಿ ಮೇಲಕ್ಕೆ ನೆಗೆಯುತ್ತಿತ್ತು. ಟೀಮಿನ ಕ್ಯಾಪ್ಟನ್ ರವಿಕಿರಣ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಇವತ್ತೂ ಹಿಂಗೇ ಆದ್ರೆ ನಿನ್ ಜಾಗಕ್ಕೆ ಬೇರೆಯವ್ರು ಬರ್ತಾರೆ, ನೋಡ್ಕೋ." ವರ್ಷಗಟ್ಟಲೆ ಹೆಣಗಾಡಿ ಗಿಟ್ಟಿಸಿದ ಜಾಗ ಅದು. ಮಗಳ ಬಾಡಿದ ಮುಖ ನೋಡಲಾರದೆ ಷಡಕ್ಷರಿ ಪಕ್ಕದ ರಸ್ತೆಯ ಅಂಗಡಿಗೆ ಹೋಗಿ, ಇದ್ದಬದ್ದ ಮೌಸ್‌ಗಳನ್ನೆಲ್ಲ ಅಲ್ಲಾಡಿಸಿ ಒಂದನ್ನು ಹಿಡಿದು ತಂದ.

"ಕೇಳು, ಹೆಂಗೆ ಗಡಗಡ ಅಂತದೆ!"

ಭೂಮಿಕಾ ಜೋಡಿಸಿ ಸರ್ರನೆ ಎಳೆದಳು. ಮೌಸಿನ ಚಕ್ರ ತಾನಾಗಿಯೇ ಉರುಳಿ, ಪರದೆಯಲ್ಲಿ ಬಂದೂಕು ಹೋಗಿ ಚಾಕು ಬಂತು. ಮತ್ತೆ ಎಳೆದಳು. ಮತ್ತೆ ಚಾಕು.

"ಅಪ್ಪಾ," ಅವಳು ಮೌಸ್ ಎತ್ತಿ ತೋರಿಸಿದಳು. "ಇದ್ರಲ್ಲಿ ಸದ್ದು ಬಂದ್ರೆ ಒಳಗೆ ಏನೋ ಸಡಿಲ ಆಗೈತೆ ಅಂತ. ಇದು ಕೊಬ್ಬರಿ ಅಲ್ಲ ಕಣಪ್ಪಾ."

ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಷಡಕ್ಷರಿಗೆ ಅವಮಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಅಯ್ಯೋ ಶಿವನೇ, ನಾನೇ ಮಗಳ ಕೈ ಕಟ್ಟಿಹಾಕಿದೆನಲ್ಲ! "ಕೊಡಿಲ್ಲಿ" ಎಂದವನೇ ಮೌಸ್ ಕಿತ್ತುಕೊಂಡು, ಪಂಚೆ ಎತ್ತಿಕಟ್ಟಿ ಓಡಿದ.

"ನೀವೇ ಅಲ್ವಾ ಆರಿಸಿದ್ದು?" ಅಂಗಡಿಯವನು ಮುಖ ಗಂಟಿಕ್ಕಿದ.

"ನಂದೇ ತಪ್ಪು ಸ್ವಾಮಿ. ಬೇರೆ ತೆಗೀರಿ, ಬೇಗ!"

ಒಂದೊಂದನ್ನೇ ಕಿವಿಗೆ ಹಿಡಿದ. ಈಗ ಸದ್ದು ಬಂದದ್ದನ್ನೆಲ್ಲ ಪಕ್ಕಕ್ಕಿಡಬೇಕು. ಹುಟ್ಟಿದಾಗಿನಿಂದ ಪಳಗಿದ ಕಿವಿಗೆ ತಿರುಗಾಮುರುಗಾ ಕೇಳು ಎನ್ನುವುದು ಹುಡುಗಾಟವೇ? ಕೊನೆಗೆ ಒಂದು ಮೌಸ್ ಎಷ್ಟು ಅಲ್ಲಾಡಿಸಿದರೂ ಕಮಕ್ ಕಿಮಕ್ ಅನ್ನಲಿಲ್ಲ. ಅಟ್ಟದ ಕಾಯಿಯಾಗಿದ್ದರೆ ಎಳಸು ಎಂದು ಮುಟ್ಟುತ್ತಲೂ ಇರಲಿಲ್ಲ. ಅಂಗಡಿಯವನಿಂದಲೇ ಕಂಪ್ಯೂಟರಿಗೆ ಜೋಡಿಸಿ ಒತ್ತಿಸಿ ನೋಡಿದ. ಒಮ್ಮೆ ಒತ್ತಿದರೆ ಒಂದೇ ಕ್ಲಿಕ್. ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದ.

ಆಟ ಶುರುವಾಗಿಬಿಟ್ಟಿತ್ತು. ಹಳೆ ಮೌಸ್ ಹಿಡಿದಿದ್ದ ಭೂಮಿಕಾ ಮತ್ತೆ ಗುರಿ ತಪ್ಪಿದ್ದರಿಂದ ಟೀಮು ಒಂದು ಸುತ್ತು ಸೋತಿತ್ತು. ರವಿಕಿರಣ್ ಅವಳತ್ತ ನೋಡುವುದನ್ನೇ ಬಿಟ್ಟಿದ್ದ. ಏದುಸಿರು ಬಿಡುತ್ತಾ ಷಡಕ್ಷರಿ ಮೌಸ್ ಚಾಚಿದ. ಮುಂದಿನ ಸುತ್ತು ಶುರುವಾಗುವಷ್ಟರಲ್ಲಿ ಅವಳು ಜೋಡಿಸಿಕೊಂಡಳು. ಆ ಸುತ್ತು ಗೆದ್ದರು.

ಕೊನೆಯ ಸುತ್ತಿನಲ್ಲಿ ಜೊತೆಯವರೆಲ್ಲ ಔಟಾಗಿ ಅವಳೊಬ್ಬಳೇ ಉಳಿದಳು. ಎದುರಿಗೂ ಒಬ್ಬನೇ. ಷಡಕ್ಷರಿಗೆ ಪರದೆ ಅರ್ಥವಾಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಅವಳ ಬೆರಳನ್ನೇ ನೋಡುತ್ತಿದ್ದ. ಗೋಡೆಯ ಮರೆಯಿಂದ ಎದುರಾಳಿ ನೆಗೆದ. ಅವಳ ಕೈ ಸರಕ್ಕನೆ ಹೊರಳಿತು. ಟಿಕ್. ಒಂದೇ ಗುಂಡು.

ಎದುರಾಳಿ ಔಟ್! ಟೀಮಿನ ಹುಡುಗರು ಹೋ ಎಂದು ಕೂಗಿದರು. "ಮುಂದಿನ ಸಲಾನೂ ನೀನೇ ಕಣೇ!" ಎಂದ ರವಿಕಿರಣ್.

ಭೂಮಿಕಾ ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. "ಹೆಂಗಪ್ಪಾ ಆರಿಸ್ದೆ ಇದನ್ನ?"

"ಈಗ್ಲೂ ನನ್ ಕಿವಿ ಇದು ಎಳಸು ಅಂತಾನೇ ಅಂತದೆ ಕಣಮ್ಮ," ಎಂದ ಷಡಕ್ಷರಿ. "ನೀನ್ ಹೇಳಿದ್ಯಲ್ಲ, ಅದಕ್ಕೇ ತಗೊಂಡ್ ಬಂದೆ."