ಅಪ್ಪನ ಪಾಲಿನ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿಯ ಅಂಚು ತುಸು ಕರಕಾಗುವ ವಾಸನೆ ಬಂದರೆ ಸಾಕು, ಧುಪದಾಳದ ಆಚೆ ಕಲ್ಲುದಿಬ್ಬದ ಮೇಲಿದ್ದ ನಮ್ಮ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಹೋದವರನ್ನೆಲ್ಲ ಒಮ್ಮೆಲೇ ಕರೆತರುವಂಥದು. ಕೆಳಗೆ ಹೊಳೆಯ ದಂಡೆಯುದ್ದಕ್ಕೂ ಕಬ್ಬು ಹಸಿರಾಗಿ ತೂಗುತ್ತಿತ್ತು. ನಮ್ಮ ದಿಬ್ಬದಲ್ಲಿ ಬರೀ ಕಲ್ಲು, ಜಾಲಿ, ಮುಳ್ಳುಕಂಟಿ. ಕುಡಿಯುವ ನೀರನ್ನೂ ಕೆಳಗಿನಿಂದ ಹೊತ್ತು ತರಬೇಕು. ಅಪ್ಪನ ತಾಯಿ, ನಮ್ಮ ಆಯಿ, ಆ ಜಾಗವನ್ನು ಅಡವಿ ಎಂದೇ ಕರೆಯುತ್ತಿದ್ದಳು, ಅದೂ ಹೆಮ್ಮೆಯಿಂದ. ಬೈಬಲಿನಲ್ಲಿ ಮೋಶೆಯ ಜನ ದೇವರು ಮಾತುಕೊಟ್ಟ ಕಾನಾನ್ ದೇಶ ಮುಟ್ಟುವ ಮೊದಲು ದೇವರ ಕೈ ಹಿಡಿದು ನಡೆಯಲು ಕಲಿತದ್ದು ಅಡವಿಯಲ್ಲೇ ಅಲ್ಲವೇ!

ಆಯಿಗೊಂದು ನೇಮವಿತ್ತು. ಇಂದಿನ ರೊಟ್ಟಿ ಇಂದೇ ತೀರಬೇಕು. ಅಡವಿಯಲ್ಲಿ ಆಕಾಶದಿಂದ ಬಿದ್ದ ಮನ್ನವೆಂಬ ದೇವರ ರೊಟ್ಟಿಯನ್ನು ನಾಳೆಗೆಂದು ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿದ್ದವಂತೆ. ಸುತ್ತಲ ಮನೆಗಳಲ್ಲೆಲ್ಲ ಕಡಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಒಟ್ಟಿ ಇಡುತ್ತಿದ್ದರು. ನಮ್ಮ ಬುಟ್ಟಿ ಮಾತ್ರ ಮಲಗುವ ಹೊತ್ತಿಗೆ ಖಾಲಿ. ಉಳಿದದ್ದು ಬಾಜೂ ಮನೆಗೋ, ಅವರ ಆಡಿಗೋ. "ಆಯಿ, ರೊಟ್ಟಿಗೆ ವರ್ಷಾದ್ರೂ ಹುಳಾ ಬೀಳೂದಿಲ್ರಿ" ಎಂದು ಬಾಜೂ ಮನೆಯ ಫಾತಿಮಾ ಕಾಕು ಕಾಡಿಸಿದರೆ, "ರೊಟ್ಟಿಗೆ ಬೀಳೂದಿಲ್ಲವ್ವಾ, ಮನಸಿಗೆ ಬೀಳ್ತಾವು" ಎಂದುಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅಪ್ಪ ಕೆಮ್ಮಿದಾಗ ರಕ್ತ ಬಿತ್ತು. ಅವನನ್ನು ದೂರದ ದವಾಖಾನೆಗೆ ಸೇರಿಸಿ ಬಂದ ಸಂಜೆಯಿಂದ ಅವ್ವ ದಿನಾಲು ಅವನ ಪಾಲಿನದೊಂದು ರೊಟ್ಟಿ ಬಡಿದು, ಕಡಕ್ ಮಾಡಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಹಿಟ್ಟಿನ ಡಬ್ಬಿಯ ಹಿಂದೆ ಇಡತೊಡಗಿದಳು. ಅವನ ರೊಟ್ಟಿ ನಿಂತರೆ ಅವನ ಉಸಿರೂ ನಿಂತೀತೆಂಬ ಭಯ ಆಕೆಗೆ. ಬಾಯಿಬಿಟ್ಟು ಹೇಳಲಿಲ್ಲ, ಒಲೆಯ ಮುಂದೆ ಕೂತ ನನಗೆ ತಿಳಿಯುತ್ತಿತ್ತು. ಮೊದಲ ಮಳೆ ಬಿದ್ದರೂ ಅಪ್ಪ ಬರಲಿಲ್ಲ. ಒಂದು ಸಂಜೆ ಹಿಟ್ಟು ತೆಗೆಯಲು ಹೋದ ಆಯಿಯ ಕೈಗೆ ಆ ಗಂಟು ಸಿಕ್ಕಿತು.

"ಯಾರ ಸಲುವಾಗಿ, ಶಾಂತಾ?"

"ಅವರ ಸಲುವಾಗಿ ಅತ್ತಿ. ಬಂದ್ರ ಹಸದು ಬರ್ತಾರ್ರಿ. ತಪ್ಪಾಗಿದ್ರ ದೇವ್ರು ನನಗ ಬೇಕಾದ್ದು ಮಾಡ್ಲಿ, ರೊಟ್ಟಿ ಮಾತ್ರ ಒಗೀಬ್ಯಾಡ್ರಿ" ಎಂದಳು ಅವ್ವ.

ಆಯಿ ಗಂಟು ಬಿಚ್ಚಿದಳು. ಒಂದು ರೊಟ್ಟಿ ತೆಗೆದು ಮೂಸಿದಳು. "ಮನ್ನಾ ಒಂದ್ ಪಾತ್ರಿ ತುಂಬ ಎತ್ತಿ ಇಡಂತ ದೇವ್ರನ ಹೇಳಿದ್ದ. ಮುಂದಿನ ಮಕ್ಕಳು ನೋಡ್ಲಿ ಅಂತ. ಅದಕ್ಕ ಹುಳಾ ಬೀಳಲಿಲ್ಲ. ನಾ ಅದನ್ನ ಮರತಿದ್ನಿ ನೋಡು" ಎಂದವಳೇ ತನ್ನ ತಾಟಿನ ರೊಟ್ಟಿಯಲ್ಲಿ ಅರ್ಧ ಮುರಿದು ಗಂಟಿಗೆ ಸೇರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಅಂದಿನಿಂದ ಆ ಗಂಟಿಗೆ ಇಬ್ಬರೂ ಪಾಲುದಾರರು.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಅಪ್ಪ ಬಂದ. ಎಲುಬಿನ ಹಂದರವಾಗಿದ್ದ, ಆದರೆ ನಡೆದೇ ದಿಬ್ಬ ಹತ್ತಿ ಬಂದ. ಅಗಿಯಲು ಶಕ್ತಿಯಿರಲಿಲ್ಲ, ಅವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತುತ್ತು ತುತ್ತಾಗಿ ಉಣಿಸಿದಳು. "ಯಾವತ್ತಿನ ರೊಟ್ಟಿ ಇದು?" ಎಂದ. "ನೀವಿಲ್ಲದ ದಿನದ್ದು" ಎಂದಳು ಅವ್ವ. ಆಯಿ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತಳು. ಆ ಗಂಟು ಮುಗಿಯುವವರೆಗೂ ಮನೆಯವರೆಲ್ಲ ಅದನ್ನೇ ತಿಂದೆವು.

ಮೂವರೂ ಈಗಿಲ್ಲ. ದಿಬ್ಬದ ಮೇಲೆ ಮನೆಯೂ ಇಲ್ಲ. ಘೋಡಗೇರಿಯ ನನ್ನ ಮನೆಯಲ್ಲಿ ಗ್ಯಾಸಿನ ಒಲೆ ಇದೆ, ನಳದ ನೀರಿದೆ. ಆದರೂ ಸಂಜೆ ನನ್ನ ಕೈ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತದೆ. "ಯಾರಿಗವ್ವಾ ಇದು?" ಎಂದು ಮಗಳು ಕೇಳುತ್ತಾಳೆ. ಬರುವವರು ಯಾರೂ ಇಲ್ಲವೆಂದು ನನಗೂ ಗೊತ್ತು. ಒಂದು ದಿನ ನಾನೇ ಹಸಿದುಕೊಂಡು ಅವರಿದ್ದಲ್ಲಿಗೆ ಹೋಗಬೇಕು. ಅಲ್ಲಿ ಅವ್ವ ನನ್ನ ಪಾಲಿನದನ್ನು ಎತ್ತಿಟ್ಟಿರುತ್ತಾಳೆ.