ಹಿಂದಿನ ಸೀಟಿಗೂ ಏಸಿ

ಫ್ರೆಂಡ್ಸ್, ನಮ್ಮಿಬ್ಬರ ಮುದ್ದಿನ ಕ್ಯಾಂಪರ್ ವ್ಯಾನಿಗೆ ಇವತ್ತು ಗಂಗಾವತಿಯಲ್ಲಿ ಮುಂದೊಂದು, ಹಿಂದೊಂದು ಏಸಿ ಕೂರಿಸಿದರು. ಖುಷಿಯಲ್ಲಿ ನನ್ನ ಬಾಯಿಗೆ ಬಿಡುವೇ ಇರಲಿಲ್ಲ, ಅದೇ ತಪ್ಪಾಯಿತು.

ಮದುವೆಯಾಗಿ ಬಂದ ಊರಿನಲ್ಲಿ ನನಗೆ ಮೊದಲು ಗೆಳತಿಯರಾದವರು ಭತ್ತದ ನಾಟಿಗೆ ಹೋಗುವ ಹುಲಿಗೆಮ್ಮಕ್ಕ ಮತ್ತು ಅವರ ಜೊತೆಯವರು. ಸಂಜೆ ದಾರಿಯಲ್ಲಿ ಸಿಕ್ಕರೆ ಕಾಲುವೆಯಲ್ಲಿ ಕೆಸರುಗಾಲು ತೊಳೆದು ವ್ಯಾನ್ ಹತ್ತುತ್ತಾರೆ. ಊರು ಮುಟ್ಟುವವರೆಗೂ ನಗುವೇ ನಗು. ಹಿಂದಿನ ಏಸಿ ಹಾಕಿಸಿದ್ದೇ ಅವರಿಗಾಗಿ.

ಇವತ್ತೂ ಸಿಕ್ಕರು. ಅವರು ಕಾಲು ತೊಳೆಯುತ್ತಿದ್ದಾಗ ನಾನು ಬಾಗಿಲು ಹಿಡಿದು ನಿಂತು, "ಅಕ್ಕಾ, ಲಗೂ ಬರ್ರಿ, ತಂಪೆಲ್ಲಾ ಹೊರಗ ಹೋಗಾಕತ್ತೈತಿ" ಅಂದುಬಿಟ್ಟೆ.

ಹುಲಿಗೆಮ್ಮಕ್ಕ ತಲೆಯೆತ್ತಿ ನೋಡಿದರು. "ಬಾಗಲಾ ಹಾಕ್ಕೊ ತಂಗಿ. ನಾವು ಮಾತಾಡ್ಕೋತ ನಡಕೊಂಡ ಬರ್ತೀವಿ."

"ನಿಮಗಂತನ ಹಾಕ್ಸೇವಿ ಅಕ್ಕಾ."

"ಛಲೋ ಆತು ಬಿಡು. ಹೋಗ್ರಿ ನೀವು."

ಎಷ್ಟು ಕರೆದರೂ ಬರಲಿಲ್ಲ. ನನ್ನ ಗಂಡ ಗಾಡಿ ಬಿಟ್ಟ.

ಏಸಿ ಸೂಪರಾಗಿ ಕೆಲಸ ಮಾಡುತ್ತಿದೆ ಫ್ರೆಂಡ್ಸ್. ಹಿಂದಿನ ಖಾಲಿ ಸೀಟುಗಳನ್ನು ಊರತನಕ ತಂಪು ಮಾಡಿಕೊಂಡು ಬಂದೆವು.